ಅಕ್ಕ ಎಡಿಟ್ ಮಾಡ್ತಾಳೆ, ತಮ್ಮ ನೋಡ್ತಾನೆ: ಒಂದು ಅನಿಮೆ ಹವ್ಯಾಸದ ಪ್ರಕರಣ

ವೀಣಾ, ಪವನ್ ಎರಡೂ ನಿಜವಾದ ಹೆಸರಲ್ಲ. ಅವರ ಊರನ್ನು ಹೇಳುವುದಿಲ್ಲ. ವೀಣಾ ಯಾವ ಅನಿಮೆಯನ್ನು (ಜಪಾನಿ ಕಾರ್ಟೂನ್ ಸರಣಿಯನ್ನು) ಯಾವ ಹಾಡಿಗೆ ಜೋಡಿಸಿದಳು ಎಂಬುದನ್ನೂ ಬಿಟ್ಟಿದ್ದೇನೆ. ಸರಣಿ, ಹಾಡು ಎರಡೂ ಗೊತ್ತಾದರೆ ವಿಡಿಯೋ ಹುಡುಕುವುದು ಒಂದು ನಿಮಿಷದ ಕೆಲಸ. ವಿಡಿಯೋ ಸಿಕ್ಕರೆ ಆಕೆ ಸಿಕ್ಕಂತೆಯೇ. ಅಕ್ಕ ತಮ್ಮ ಇಬ್ಬರೂ ಓದಿ ಒಪ್ಪಿದ್ದಾರೆ. ಪವನ್ ಒಂದೆರಡು ಕಡೆ ತಿದ್ದುಪಡಿಯನ್ನೂ ಹೇಳಿದ.

ನಾನು ಅನಿಮೆ ಮ್ಯೂಸಿಕ್ ವಿಡಿಯೋ ಮಾಡುವ ಹವ್ಯಾಸಿಗಳ ಒಂದು ಚಿಕ್ಕ ಗುಂಪಿನಲ್ಲಿದ್ದೇನೆ. ನಾವು ಅದನ್ನು ಎಎಂವಿ ಎನ್ನುತ್ತೇವೆ. ಹೊಸಬರು ಕಳಿಸಿದ್ದನ್ನು ನೋಡಿ, ಎಲ್ಲಿ ಕಟ್ (ಒಂದು ದೃಶ್ಯದಿಂದ ಇನ್ನೊಂದಕ್ಕೆ ಜಿಗಿಯುವುದು) ತಡವಾಯಿತು, ಎಲ್ಲಿ ಎಫೆಕ್ಟ್ ಜಾಸ್ತಿಯಾಯಿತು ಎಂದು ಹೇಳುವುದು ನನ್ನ ಪಾಲಿನ ಕೆಲಸ. ವೀಣಾ ಪರಿಚಯವಾದದ್ದು ಹಾಗೆ. ಆದರೆ ಒಂದು ದಿನ ಆಕೆ ಹೊತ್ತು ತಂದ ತೊಡಕು ಕಟ್‌ಗೆ ಸೇರಿದ್ದಲ್ಲ. "ಸರ್, ನಂಗೆ ಈಗ ಅನಿಮೆ ನೋಡೋಕೇ ಆಗ್ತಿಲ್ಲ" ಎಂದು ಬರೆದಿದ್ದಳು. ಈ ಮಾತನ್ನು ಬೇರೆ ಎಡಿಟರ್‌ಗಳಿಂದಲೂ ಕೇಳಿದ್ದೇನೆ. ಆಕೆಯ ವಿಷಯದಲ್ಲಿ ಮಾತ್ರ ಏನೇನಾಯಿತು ಎಂಬುದನ್ನು ಹತ್ತಿರದಿಂದ ನೋಡಲು ಸಿಕ್ಕಿತು.

ಹಿನ್ನೆಲೆ

ವೀಣಾ ಬಿ.ಕಾಂ ಮುಗಿಸಿ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಆ ಕೆಲಸಕ್ಕೆ ಅದರದ್ದೇ ಕ್ಯಾಲೆಂಡರ್ ಇದೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್ಸ್, ಜುಲೈ ಬಂದರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್. ಆ ದಿನಗಳಲ್ಲಿ ಮನೆಗೆ ಬರುವುದೇ ರಾತ್ರಿ ಒಂಬತ್ತಕ್ಕೆ. ತಮ್ಮ ಪವನ್ ಪಿಯುಸಿ ಓದುತ್ತಿದ್ದ.

ಇಬ್ಬರಿಗೂ ಚಿಕ್ಕಂದಿನಲ್ಲಿ ಹಿಂದಿ ಡಬ್ಬಿಂಗ್‌ನಲ್ಲಿ ಬರುತ್ತಿದ್ದ ಜಪಾನಿ ಕಾರ್ಟೂನ್‌ನಿಂದ ಹತ್ತಿದ ಹುಚ್ಚು. ದೊಡ್ಡವರಾದ ಮೇಲೆ ಜಪಾನಿ ದನಿ, ಇಂಗ್ಲಿಷ್ ಸಬ್‌ಟೈಟಲ್ ಎಂದು ಬದಲಾಯಿತು, ಅಷ್ಟೆ. ರಾತ್ರಿ ಊಟವಾದ ಮೇಲೆ ಒಂದು ಎಪಿಸೋಡ್, ರಜೆ ಇದ್ದರೆ ಎರಡು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಂದೆ ನೋಡುವಂತಿಲ್ಲ. ಮಧ್ಯೆ ನಿಲ್ಲಿಸಿ ಜಗಳ. "ಅವ್ನೇ ಕೊಲೆಗಾರ, ನೋಡ್ತಿರು." "ಹೋಗೋ, ಅಷ್ಟು ಸುಲಭಾನಾ?" ಸೋತವರು ಶನಿವಾರ ಗೋಬಿ ಮಂಚೂರಿ ಕೊಡಿಸಬೇಕು. ಅಮ್ಮನಿಗೆ ಇದೆಲ್ಲ ಒಂದೇ ಕಾರ್ಟೂನು.

ಇಷ್ಟನ್ನು ಬಿಡಿಸಿ ಹೇಳಲು ಕಾರಣವಿದೆ. "ಸುಮ್ನೆ ನೋಡೋದು" ಎಂದು ನಾವು ಎಡಿಟರ್‌ಗಳು ಸ್ವಲ್ಪ ತಾತ್ಸಾರದಿಂದಲೇ ಹೇಳುತ್ತೇವೆ. ಈ ಮನೆಯಲ್ಲಿ ನೋಡುವುದು ಅಷ್ಟೇನೂ ಸುಮ್ಮನೆ ನಡೆಯುತ್ತಿರಲಿಲ್ಲ.

ಎಎಂವಿ ಗೊತ್ತಿಲ್ಲದವರಿಗೆ ಎರಡು ಮಾತು. ಅನಿಮೆಯ ದೃಶ್ಯಗಳನ್ನು ಕತ್ತರಿಸಿ, ಅದಕ್ಕೆ ಸಂಬಂಧವೇ ಇಲ್ಲದ ಒಂದು ಹಾಡಿಗೆ ಹೊಂದಿಸುವುದು. ಮೊದಲು ಮಾಡಿದವರು ಎಂದು ಸಾಮಾನ್ಯವಾಗಿ ಹೇಳುವುದು ಅಮೆರಿಕದ ಜಿಮ್ ಕಪೋಸ್ಟಸ್ ಅವರ ಹೆಸರನ್ನು. 1982ರಲ್ಲಿ ಎರಡು ವಿಸಿಆರ್ (ವಿಡಿಯೋ ಕ್ಯಾಸೆಟ್ ಯಂತ್ರ) ಜೋಡಿಸಿ, ಬಾಹ್ಯಾಕಾಶದ ಯುದ್ಧದ ಅನಿಮೆಯೊಂದರ ಹೊಡೆದಾಟದ ದೃಶ್ಯಗಳನ್ನು ಬೀಟಲ್ಸ್‌ನ ಪ್ರೀತಿಯ ಹಾಡಿಗೆ ಕೂಡಿಸಿದರು. ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್. ಇಂದಿನ ಹುಡುಗರು ಫೋನಿನಲ್ಲಿ 20 ಸೆಕೆಂಡಿನ ವಿಡಿಯೋ ಮಾಡಿ ಬಿಡುತ್ತಾರೆ. ಅದನ್ನು ಬರೀ "ಎಡಿಟ್" ಎನ್ನುತ್ತಾರೆ. ವೀಣಾ ಶುರು ಮಾಡಿದ್ದೂ ಫೋನಿನಲ್ಲೇ.

ಎಡಿಟಿಂಗ್ ಹತ್ತಿದ್ದು

ಮೊದಲ ಎಡಿಟ್‌ಗಳು ಎಲ್ಲರದ್ದರಂತೆಯೇ ಇದ್ದವು. ಹೊಡೆದಾಟ, ಫ್ಲ್ಯಾಶ್, ಪರದೆ ಅಲುಗಾಡುವುದು, ಬೀಟ್ ಬಂದಾಗಲೆಲ್ಲ ಕಟ್. ಆಮೇಲೆ ಲ್ಯಾಪ್‌ಟಾಪ್‌ಗೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಹಾಕಿಕೊಂಡಳು. 8 ಜಿಬಿ ರ‍್ಯಾಮ್‌ನಲ್ಲಿ ಅದು ತೆವಳುತ್ತಿತ್ತು. ನಮ್ಮ ಗುಂಪಿಗೆ ಬಂದದ್ದೇ ಅದನ್ನು ಕೇಳಿಕೊಂಡು. ಕಾರಣ ಸಾಮಾನ್ಯವಾದದ್ದು. ಎಚ್.264 ಎಂಬ ಬಗೆಯ ವಿಡಿಯೋ ಫೈಲಿನಲ್ಲಿ ಪ್ರತಿ ಫ್ರೇಮ್ (ವಿಡಿಯೋದ ಒಂದೊಂದು ನಿಂತ ಚಿತ್ರ) ಪೂರ್ತಿಯಾಗಿ ಇರುವುದಿಲ್ಲ. ಹಿಂದು ಮುಂದಿನ ಫ್ರೇಮ್‌ಗಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ನೋಡಲು ಅದು ಸಾಕು. ಎಡಿಟ್ ಮಾಡುವಾಗ ಹಿಂದೆ ಮುಂದೆ ಎಳೆದಾಡಿದರೆ ಕಂಪ್ಯೂಟರ್ ಪ್ರತಿ ಸಲ ಲೆಕ್ಕ ಹಾಕಬೇಕು. ಚಿಕ್ಕ ಪ್ರಾಕ್ಸಿ ಫೈಲ್, ಅಂದರೆ ಎಡಿಟ್‌ಗೆಂದೇ ಒಂದು ಹಗುರ ನಕಲು, ಮಾಡಿಕೊಂಡರೆ ಸಲೀಸು. ಅದನ್ನು ಕಲಿತ ಮೇಲೆ ಆಕೆಯನ್ನು ಹಿಡಿಯುವವರಿರಲಿಲ್ಲ.

ಆಕೆಗೆ ಲೆಕ್ಕದ ತಲೆ. ನಿಮಿಷಕ್ಕೆ 96 ಬೀಟ್ ಇರುವ ಹಾಡು ಆರಿಸಿಕೊಂಡಿದ್ದಳು. ಅನಿಮೆ ಸೆಕೆಂಡಿಗೆ 24 ಫ್ರೇಮ್. ಅಂದರೆ ಬೀಟಿಗೆ ಸರಿಯಾಗಿ 15 ಫ್ರೇಮ್. ಮೂರೂವರೆ ನಿಮಿಷಕ್ಕೆ 336 ಬೀಟ್, 5,040 ಫ್ರೇಮ್. ಇದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ ನನಗೆ ಕಳಿಸಿದ್ದಳು. ಹೊಸಬರಲ್ಲಿ ಇಂಥವರು ಕಡಿಮೆ.

ಕಟ್ ಮಾಡದೆಯೂ ಬೀಟಿಗೆ ಹೊಂದಿಸಬಹುದು ಎಂಬುದನ್ನು ಬೇಗ ಹಿಡಿದಳು. ದೃಶ್ಯದ ಒಳಗೇ ಬಾಗಿಲು ಮುಚ್ಚಿಕೊಳ್ಳುತ್ತದೆ, ಕಾಲು ನೆಲಕ್ಕೆ ತಾಗುತ್ತದೆ, ತಲೆ ತಿರುಗುತ್ತದೆ. ಆ ಫ್ರೇಮನ್ನು ಬೀಟ್ ಮೇಲೆ ಕೂರಿಸಿದರೆ ಕಟ್‌ಗಿಂತ ಚೆನ್ನಾಗಿ ಕಾಣುತ್ತದೆ. ವರ್ಷಗಟ್ಟಲೆ ಎಡಿಟ್ ಮಾಡಿಯೂ ಇದು ಹೊಳೆಯದವರಿದ್ದಾರೆ.

ಅದರ ಜೊತೆಗೆ ಅನಿಮೆಯ ಒಳಗುಟ್ಟೂ ಕಾಣತೊಡಗಿತು. ಜಪಾನಿನ ಟಿವಿ ಅನಿಮೇಷನ್ 1963ರಲ್ಲಿ ಒಸಾಮು ತೆಜುಕಾ ಅವರ ಕಾಲದಿಂದಲೂ ಕಡಿಮೆ ಚಿತ್ರದಲ್ಲಿ ಕೆಲಸ ಮುಗಿಸುವ ದಾರಿ ಹಿಡಿದಿದೆ. ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ನಿಲ್ಲಿಸುತ್ತಾರೆ. ಆಗ ಸೆಕೆಂಡಿಗೆ 12 ಅಥವಾ 8 ಚಿತ್ರ ಸಾಕು. ಎಂಟು ಚಿತ್ರದ ದೃಶ್ಯವನ್ನು ಅರ್ಧ ವೇಗಕ್ಕೆ ಇಳಿಸಿದರೆ ನಾಲ್ಕೇ ಉಳಿದು ಸ್ಲೈಡ್ ಶೋ ಆಗುತ್ತದೆ. ಎಲ್ಲಿ ಸ್ಟುಡಿಯೋ ದುಡ್ಡು ಉಳಿಸಿದೆ, ಎಲ್ಲಿ ಸುರಿದಿದೆ ಎಂದು ವೀಣಾ ಈಗ ಹೇಳಬಲ್ಲವಳಾಗಿದ್ದಳು. ಪವನ್‌ಗೂ ತೋರಿಸುತ್ತಿದ್ದಳು. ಮೊದಮೊದಲು ಅವನಿಗೂ ಮಜಾ ಬಂತು.

ತೊಡಕು

ಎಡಿಟರ್‌ಗೆ ಬೇಕಾದ ದೃಶ್ಯವೇ ಬೇರೆ. ಪಾತ್ರದ ಬಾಯಿ ಅಲ್ಲಾಡಬಾರದು. ಹಾಡು ಕೇಳುತ್ತಿರುವಾಗ ಪಾತ್ರ ಇನ್ನೇನೋ ಮಾತಾಡುತ್ತಿದ್ದರೆ ಅಸಹ್ಯವಾಗಿ ಕಾಣುತ್ತದೆ. ಸಬ್‌ಟೈಟಲ್ ಇರಬಾರದು, ಲೋಗೋ ಇರಬಾರದು. ದೊಡ್ಡ ಅನಿಮೆ ಸಮ್ಮೇಳನಗಳ ಸ್ಪರ್ಧೆಗಳಲ್ಲಿ ಇದನ್ನು ನಿಯಮವಾಗಿಯೇ ಬರೆದಿರುತ್ತಾರೆ. ಓಡುವುದು, ಹಿಂದಿರುಗಿ ನೋಡುವುದು, ಗಾಳಿಗೆ ಕೂದಲು ಹಾರುವುದು, ಕೈ ಚಾಚುವುದು, ಇವೇ ಬಂಗಾರ. ಆದರೆ ಹೆಚ್ಚಿನ ಸರಣಿಗಳಲ್ಲಿ ಹೆಚ್ಚಿನ ಹೊತ್ತು ನಡೆಯುವುದು ಮಾತೇ ಅಲ್ವಾ? ಇಬ್ಬರು ಕೂತು ಮಾತಾಡುತ್ತಾರೆ. ಕಥೆ ಅಲ್ಲೇ ಮುಂದೆ ಹೋಗುತ್ತದೆ. ಎಡಿಟರ್‌ನ ಕಣ್ಣಿಗೆ ಅದು ಕೆಲಸಕ್ಕೆ ಬಾರದ ಸರಕು.

ಇನ್ನೊಂದು ಸೂಕ್ಷ್ಮವಿದೆ. ಇದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಎಎಂವಿಯಲ್ಲಿ ಮೂಲದ ಶಬ್ದವನ್ನು ಪೂರ್ತಿ ಎಸೆಯುತ್ತೇವೆ. ದನಿ ಕೊಟ್ಟ ಕಲಾವಿದರ ಕೆಲಸ, ಹಿನ್ನೆಲೆ ಸಂಗೀತ, ಮಳೆಯ ಸದ್ದು, ಎಲ್ಲ ಹೋಯಿತು. ಹಾಗಾಗಿ ಎಡಿಟರ್ ಕ್ಲಿಪ್ ಹುಡುಕುವಾಗ ಮ್ಯೂಟ್ ಮಾಡಿ, ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾನೆ. 24 ನಿಮಿಷದ 12 ಎಪಿಸೋಡ್ ಇರುವ ಒಂದು ಸೀಸನ್ ಎಂದರೆ ಹೆಚ್ಚುಕಡಿಮೆ ಐದು ಗಂಟೆ. ಅದನ್ನು ಒಂದು ಸಂಜೆಯಲ್ಲಿ ಜಾಲಾಡಿ ಮುಗಿಸಬಹುದು. ಕೊನೆಯಲ್ಲಿ ಆ ಸರಣಿ ನೋಡಿದ್ದೇನೆ ಎಂದು ಅವನಿಗೆ ಅನ್ನಿಸುತ್ತದೆ. ನೋಡಿರುವುದಿಲ್ಲ.

ವೀಣಾ ತಮ್ಮನ ಜೊತೆ ಕೂತಾಗಲೂ ಈ ಕಣ್ಣು ತೆಗೆಯಲಾಗಲಿಲ್ಲ. ಒಳ್ಳೆ ಶಾಟ್ ಬಂದರೆ ನಿಲ್ಲಿಸಿ ಟೈಮ್ ಬರೆದುಕೊಳ್ಳುತ್ತಿದ್ದಳು. ಮಾತಿನ ದೃಶ್ಯ ಬಂದರೆ ಫೋನ್ ನೋಡುತ್ತಿದ್ದಳು. ಬೆಟ್ಟಿಂಗ್ ನಿಂತಿತು. ಗೋಬಿಯೂ ನಿಂತಿತು. ಒಂದು ರಾತ್ರಿ ಪವನ್ ಕೇಳಿದ: "ಅಕ್ಕಾ, ನೀನು ನೋಡ್ತಿದೀಯಾ, ಇಲ್ಲಾ ಹುಡುಕ್ತಿದೀಯಾ?" ಆಕೆ ನಕ್ಕು ಸುಮ್ಮನಾದಳಂತೆ.

ಅದೇ ಹೊತ್ತಿಗೆ ಆಕೆಯ ಒಂದು ವಿಡಿಯೋ ಚೆನ್ನಾಗಿ ಓಡಿತ್ತು. ಹಲವು ಸರಣಿಗಳ ಹೊಡೆದಾಟವನ್ನು ಒಂದೇ ಹಾಡಿಗೆ ಸುರಿದದ್ದು. ಹಿಂದಿನವುಗಳ ಹಲವು ಪಟ್ಟು ಜನ ನೋಡಿದರು. ಮುಂದಿನದು ಇನ್ನೂ ದೊಡ್ಡದಾಗಿರಬೇಕು ಎಂದು ಹೊರಟಳು. ಒಂಬತ್ತು ಸರಣಿ ಸೇರಿಸಿ, ಅಗಲಿಕೆಯ ಬಗ್ಗೆ ಒಂದು ಟ್ರಿಬ್ಯೂಟ್ ವಿಡಿಯೋ. ಒಂಬತ್ತರಲ್ಲಿ ಆರನ್ನು ಆಕೆ ನೋಡಿಯೇ ಇರಲಿಲ್ಲ. ನೋಡಲು ಸಮಯವೆಲ್ಲಿ? ಫೈಲ್ ಹೊಂದಿಸಿಕೊಂಡು ಮ್ಯೂಟ್ ಮಾಡಿ ಓಡಿಸುತ್ತಾ ಹೋದಳು.

ಆ ಆರರಲ್ಲಿ ಒಂದನ್ನು ಅಕ್ಕ ತಮ್ಮ ಆಗತಾನೇ ಒಟ್ಟಿಗೆ ಶುರು ಮಾಡಿದ್ದರು. ಒಂದು ಮುಖ್ಯ ಪಾತ್ರ ಸಾಯುವ ದೃಶ್ಯ ಆಕೆಗೆ ಜಾಲಾಡುವಾಗಲೇ ಕಣ್ಣಿಗೆ ಬಿತ್ತು. ಕ್ಲಿಪ್ ಚೆನ್ನಾಗಿತ್ತು. ಟೈಮ್‌ಲೈನ್‌ಗೆ, ಅಂದರೆ ಎಡಿಟಿಂಗ್‌ನಲ್ಲಿ ಕ್ಲಿಪ್ ಜೋಡಿಸುವ ಪಟ್ಟಿಗೆ, ಹಾಕಿಕೊಂಡಳು. ಕೆಲವು ದಿನಗಳ ನಂತರ ಅದೇ ಎಪಿಸೋಡ್ ಇಬ್ಬರೂ ಕೂತು ನೋಡುವ ರಾತ್ರಿ ಬಂತು. ಪವನ್ ಬೆಚ್ಚಿಬಿದ್ದ. ಅಕ್ಕನ ಕಡೆ ತಿರುಗಿದ. ಆಕೆಯ ಮುಖದಲ್ಲಿ ಏನೂ ಇರಲಿಲ್ಲ.

"ನಿಂಗೆ ಮೊದ್ಲೇ ಗೊತ್ತಿತ್ತು, ಅಲ್ವಾ?"

ಮರುದಿನದಿಂದ ಪವನ್ ತನ್ನ ಫೋನಿನಲ್ಲಿ ಒಬ್ಬನೇ ನೋಡತೊಡಗಿದ. ಜಗಳ ಏನೂ ಆಗಲಿಲ್ಲ. ಕರೆದರೆ "ಓದೋದಿದೆ" ಎನ್ನುತ್ತಿದ್ದ. ವೀಣಾ ನನಗೆ ಬರೆದದ್ದು ಇದಾದ ಮೇಲೆ. ಕುತೂಹಲದ ಸಂಗತಿ ಎಂದರೆ, ಬರೆದ ಪತ್ರದಲ್ಲಿ ಪವನ್ ವಿಷಯವೇ ಇರಲಿಲ್ಲ. ಅನಿಮೆ ಬೇಜಾರಾಗುತ್ತಿದೆ, ಹೊಸ ಸರಣಿ ಎರಡು ಎಪಿಸೋಡ್ ದಾಟುತ್ತಿಲ್ಲ, ಟ್ರಿಬ್ಯೂಟ್ ವಿಡಿಯೋ ಅರ್ಧಕ್ಕೆ ನಿಂತಿದೆ, ಇಷ್ಟೇ. ತಮ್ಮನ ಮಾತು ಹೊರಬರಲು ಎರಡು ಮೂರು ಸಲ ಮಾತಾಡಬೇಕಾಯಿತು.

ಏನೇನು ಮಾಡಿ ನೋಡಿದ್ದಾಯಿತು

ಮೊದಲು ವೀಣಾ ತಾನೇ ಒಂದು ಟೈಮ್‌ಟೇಬಲ್ ಹಾಕಿಕೊಂಡಳು. ಒಂದು ದಿನ ಎಡಿಟ್, ಒಂದು ದಿನ ನೋಡುವುದು. ಇದು ಬೇಗನೇ ಕುಸಿಯಿತು. 11ನೇ ತಾರೀಕು, 20ನೇ ತಾರೀಕು ಬಂದಾಗ ನಾಲ್ಕೈದು ದಿನ ಎರಡೂ ಇಲ್ಲ. ಆಮೇಲೆ ಸಿಕ್ಕ ರಾತ್ರಿಯನ್ನೆಲ್ಲ ಎಡಿಟಿಂಗ್ ನುಂಗುತ್ತಿತ್ತು. ಅರ್ಧ ಮಾಡಿದ ಕೆಲಸ ಕರೆಯುತ್ತಲೇ ಇರುತ್ತದೆ. ನೋಡದ ಎಪಿಸೋಡ್ ಹಾಗೆ ಕರೆಯುವುದಿಲ್ಲ. ಎರಡು ಹವ್ಯಾಸಕ್ಕೆ ಸಮ ಸಮ ಸಮಯ ಹಂಚಿದರೂ ಬಲವಾದದ್ದೇ ಗೆಲ್ಲುತ್ತದೆ ಎಂಬುದು ಇಲ್ಲಿ ಕಂಡಿತು. ಜೊತೆಗೆ ನೋಡುವ ದಿನವೂ ಕಣ್ಣು ಅದೇ ಕಣ್ಣು.

ಆಮೇಲೆ ಗುಂಪಿನ ಒಬ್ಬರ ಸಲಹೆಯಂತೆ ಲ್ಯಾಪ್‌ಟಾಪ್ ಬಿಟ್ಟು ನೋಟ್‌ಬುಕ್ ಇಟ್ಟುಕೊಂಡಳು. ನಿಲ್ಲಿಸುವುದು ಬೇಡ, ನೋಡುತ್ತಾ ಸುಮ್ಮನೆ ಟೈಮ್ ಗೀಚಿಕೊಂಡರೆ ಸಾಕು ಎಂದು. ನನಗೆ ಆಗಲೇ ಇದು ಹಿಡಿಸಿರಲಿಲ್ಲ. ಅಕೌಂಟ್ಸ್ ಮಾಡುವವಳ ಕೈಗೆ ಇನ್ನೊಂದು ಪುಸ್ತಕ ಕೊಟ್ಟರೆ ಏನಾಗುತ್ತದೆ? ಕಾಲಂ ಎಳೆದಳು. ಎಪಿಸೋಡ್, ನಿಮಿಷ, ಪಾತ್ರ, ಚಲನೆ, ಬೆಳಕು. ನೋಡುವುದು ಈಗ ಪೂರ್ತಿ ಆಫೀಸ್ ಆಯಿತು.

ಮೂರನೆಯದು ಎಡಿಟಿಂಗನ್ನೇ ಪೂರ್ತಿ ಬಿಡುವುದು. ಒಂದಷ್ಟು ವಾರ ಬಿಟ್ಟಳು. ತಮ್ಮನನ್ನು ಕರೆದಳು, ಅವನೂ ಬಂದ. ಸಂಜೆಗಳು ಪರವಾಗಿಲ್ಲ ಅನ್ನುವ ಹಾಗಿದ್ದವು. ಆದರೆ ಆಕೆ ಸಿಡುಕಿಯಾದಳು ಎಂದು ಪವನ್ ಈಗ ಹೇಳುತ್ತಾನೆ. ಅಮ್ಮನೂ ಅದನ್ನೇ ಹೇಳಿದರು: "ಏನಾದ್ರೂ ಮಾಡ್ತಾ ಇದ್ರೆ ಅವ್ಳು ಸರಿ ಇರ್ತಾಳೆ." ಕೈಗೆ ಕಸುಬು ಹತ್ತಿದವರಿಗೆ ಕೈ ಕಟ್ಟಿ ಕೂರುವುದು ಕಷ್ಟ. ಆಫೀಸಿನಲ್ಲಿ ದಿನವಿಡೀ ಬೇರೆಯವರ ಲೆಕ್ಕ. ತನ್ನದು ಎಂದು ಆಕೆ ಮಾಡುತ್ತಿದ್ದದ್ದು ಈ ವಿಡಿಯೋ ಒಂದೇ. ಅದನ್ನು ಬಿಡಿಸುವುದು ಪರಿಹಾರ ಅಲ್ಲ ಎಂಬುದು ಸ್ಪಷ್ಟವಾಯಿತು.

ಕೆನಡಾದ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಟೆಬಿನ್ಸ್ 1982ರಲ್ಲಿ, ಅಂದರೆ ಆ ಎರಡು ವಿಸಿಆರ್‌ಗಳ ವರ್ಷದಲ್ಲೇ, ಬಿಡುವಿನ ಚಟುವಟಿಕೆಯಲ್ಲಿ ಗಂಭೀರವಾದದ್ದನ್ನು ಹಗುರವಾದದ್ದರಿಂದ ಬೇರೆ ಮಾಡಿ ನೋಡಿದರು. ಗಂಭೀರವಾದದ್ದಕ್ಕೆ ಪರಿಣತಿ ಬೇಕು, ಕಷ್ಟ ಬಂದರೂ ಬಿಡದೆ ಮುಂದುವರಿಯುವ ಹಟ ಬೇಕು, ಅದರಿಂದ ನಾನು ಇಂಥವನು ಎಂಬ ಗುರುತು ಸಿಗುತ್ತದೆ. ಎಎಂವಿ ಈ ಅಚ್ಚಿಗೆ ಸರಿಯಾಗಿ ಕೂರುತ್ತದೆ. ಹಗುರವಾದದ್ದಕ್ಕೂ ಅದರದ್ದೇ ಲಾಭವಿದೆ ಎಂದು ಅವರೇ ಮುಂದೆ ಬರೆದರು. ನಮ್ಮಂಥವರು ಮೊದಲರ್ಧವನ್ನು ಮಾತ್ರ ಹಿಡಿದುಕೊಳ್ಳುತ್ತೇವೆ. ಮಾಡುವವರು ಮೇಲಿನ ಮೆಟ್ಟಿಲು, ನೋಡುವವರು ಕೆಳಗಿನ ಮೆಟ್ಟಿಲು ಎಂದುಕೊಳ್ಳುತ್ತೇವೆ. ವೀಣಾ ಕೂಡ ಹಾಗೇ ನಂಬಿದ್ದಳು. ಮೇಲೆ ಹತ್ತಿದ ಮೇಲೆ ಕೆಳಗಿನದು ಸಪ್ಪೆಯಾಗುವುದು ಸಹಜ ಎಂದು ನನ್ನ ಹತ್ತಿರ ವಾದಿಸಿದಳು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಇಲ್ಲಿತನಕ ಮಾಡಿದ್ದರಲ್ಲಿ ಈಗಲೂ ತಿರುಗಿ ನೋಡುವಂಥ ನಿನ್ನ ವಿಡಿಯೋ ಯಾವುದು? ಬಹಳ ಓಡಿದ ಹೊಡೆದಾಟದ್ದನ್ನು ಆಕೆ ಹೇಳಲಿಲ್ಲ. ಕಾಲೇಜಿನ ದಿನಗಳಲ್ಲಿ ತಮ್ಮನ ಜೊತೆ ನೋಡಿದ್ದ ಒಂದು ಹಳೆ ಸರಣಿಯ ವಿಡಿಯೋ ಹೇಳಿದಳು. ತಾಂತ್ರಿಕವಾಗಿ ಅದು ಕಚ್ಚಾ. ಎರಡು ಕಡೆ ಬಾಯಿ ಅಲ್ಲಾಡುತ್ತದೆ. ಆದರೆ ಯಾವ ಪಾತ್ರ ಯಾವಾಗ ಯಾಕೆ ಕಿಟಕಿಯ ಹೊರಗೆ ನೋಡುತ್ತದೆ ಎಂಬುದು ಮಾಡಿದವಳಿಗೆ ಗೊತ್ತಿದೆ. ಅದು ನೋಡುವವರಿಗೆ ತಾಗುತ್ತದೆ. ನಿಂತುಹೋದ ಟ್ರಿಬ್ಯೂಟ್‌ನಲ್ಲಿ ಅದೇ ಇರಲಿಲ್ಲ. ಎಲ್ಲರೂ ಅಳುತ್ತಿದ್ದರು, ಯಾಕೆ ಅಳುತ್ತಿದ್ದಾರೆ ಎಂದು ಆಕೆಗೇ ಗೊತ್ತಿರಲಿಲ್ಲ.

ತಿರುವು

ಇಲ್ಲಿಂದ ಎರಡು ನಿರ್ಧಾರ ಹೊರಟವು. ಒಂದು ಆಕೆಯದ್ದು, ಒಂದು ಪವನ್‌ದು.

ಆಕೆಯ ನಿರ್ಧಾರ, ಟ್ರಿಬ್ಯೂಟ್ ವಿಡಿಯೋವನ್ನು ಅಳಿಸಿಹಾಕುವುದು. ಪಕ್ಕಕ್ಕಿಡುವುದಲ್ಲ, ಪ್ರಾಜೆಕ್ಟ್ ಫೈಲ್ ಸಮೇತ ಡಿಲೀಟ್. ನಾನು ಬ್ಯಾಕಪ್ ಇಟ್ಟುಕೋ ಎಂದಿದ್ದೆ. ಬೇಡ ಎಂದಳು. ಒಂದು ನಿಮಿಷ ನಲವತ್ತು ಸೆಕೆಂಡ್ ಆಗಿತ್ತು, ಅದರಲ್ಲಿ ಕೆಲವು ಕಟ್‌ಗಳು ನಿಜಕ್ಕೂ ಚೆನ್ನಾಗಿದ್ದವು. ಈಗ ನೆನೆಸಿಕೊಂಡರೆ ಆಕೆ ಮಾಡಿದ್ದೇ ಸರಿ. ಫೈಲ್ ಇದ್ದಿದ್ದರೆ ತೆರೆಯುತ್ತಿದ್ದಳು.

ಪವನ್ ನಿರ್ಧಾರ ಸರಳವಾಗಿತ್ತು. ಒಟ್ಟಿಗೆ ನೋಡುವುದನ್ನು ಲ್ಯಾಪ್‌ಟಾಪ್‌ನಲ್ಲಿ ನೋಡುವುದು ಬೇಡ, ಟಿವಿಯಲ್ಲಿ ನೋಡೋಣ, ರಿಮೋಟ್ ನನ್ನ ಕೈಲಿರಲಿ ಎಂದ. ಮನೆಯವರ ಟಿವಿಗೆ ಒಂದು ಸ್ಟ್ರೀಮಿಂಗ್ ಚಂದಾ ಹಾಕಿಸಿದರು. ಅಮ್ಮನ ಧಾರಾವಾಹಿ ಮುಗಿದ ಮೇಲೆ ಇವರ ಪಾಳಿ.

ಇದು ಕೆಲಸ ಮಾಡಿತು. ಯಾಕೆ ಎಂಬುದು ಮುಖ್ಯ. ಚಂದಾ ಕಟ್ಟಿ ನೋಡುವ ಸೇವೆಗಳ ವಿಡಿಯೋಗೆ ನಕಲು ತಡೆಯುವ ಡಿಆರ್‌ಎಂ ಬೀಗ ಇರುತ್ತದೆ. ಫೈಲ್ ಕೈಗೆ ಸಿಗುವುದಿಲ್ಲ. ಸ್ಕ್ರೀನ್ ರೆಕಾರ್ಡ್ ಮಾಡಲು ಹೋದರೆ ಬಹಳ ಸಲ ಕಪ್ಪು ಪರದೆ ಬರುತ್ತದೆ. ಎಡಿಟರ್‌ಗಳು ಇದನ್ನು ಬೈಯದ ದಿನವಿಲ್ಲ. ವೀಣಾಗೆ ಅದೇ ಒಂದು ಗೋಡೆಯಾಯಿತು. ಕಣ್ಣೆದುರು ಎಂಥ ಶಾಟ್ ಬಂದರೂ ತೆಗೆದುಕೊಳ್ಳುವಂತಿಲ್ಲ. ನಿಲ್ಲಿಸುವಂತಿಲ್ಲ, ರಿಮೋಟ್ ತಮ್ಮನ ಹತ್ತಿರ. ಮೊದಲ ವಾರ ಕೈ ಚಡಪಡಿಸಿತಂತೆ. ಆಮೇಲೆ ಮಾತಿನ ದೃಶ್ಯಗಳು ಮತ್ತೆ ಕಿವಿಗೆ ಬಿದ್ದವು. ಟೈಮ್‌ಟೇಬಲ್ ಮನಸ್ಸನ್ನು ಬೇರೆ ಮಾಡಲು ಹೋಗಿ ಸೋತಿತ್ತು. ಇಲ್ಲಿ ಬೇರೆಯಾದದ್ದು ಸಲಕರಣೆ, ಕೋಣೆ, ಕೂರುವ ಜಾಗ.

ಎಡಿಟಿಂಗ್ ಕಡೆ ನಾನು ಸೂಚಿಸಿದ್ದು ಒಂದು ಮಿತಿ. ಒಟ್ಟಿಗೆ ನೋಡಿ ಮುಗಿಸಿ, ಕನಿಷ್ಠ ಒಂದು ವರ್ಷ ಕಳೆದ ಸರಣಿಯನ್ನು ಮಾತ್ರ ಟೈಮ್‌ಲೈನ್‌ಗೆ ತರುವುದು. ವರ್ಷ ಕಳೆದರೂ ಮನಸ್ಸಿನಲ್ಲಿ ಉಳಿದ ದೃಶ್ಯ ಯಾವುದೋ ಅದರಿಂದ ಶುರು ಮಾಡುವುದು. ಹುಡುಕಿ ಸಿಕ್ಕಿದ್ದರಿಂದಲ್ಲ. ಆಕೆ ಇದನ್ನು ಪೂರ್ತಿ ಪಾಲಿಸಲಿಲ್ಲ. ಎರಡು ಸಲ ಮುರಿದಿದ್ದು ನನಗೆ ಗೊತ್ತು. ಒಂದು ಸಲ ಮುರಿದಾಗ ವಿಡಿಯೋ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು.

ಈ ನಡುವೆ ಇನ್ನೊಂದು ಪೆಟ್ಟು ಬಿತ್ತು. ಬಹಳ ಓಡಿದ ಹೊಡೆದಾಟದ ವಿಡಿಯೋ ಮೇಲೆ ಹಾಡಿನ ಹಕ್ಕುದಾರರು ಕ್ಲೇಮ್ ಹಾಕಿದರು. ವಿಡಿಯೋ ನಮ್ಮ ದೇಶವೂ ಸೇರಿ ಹಲವು ಕಡೆ ಕಾಣದಾಯಿತು. ನೋಡಿದವರ ಸಂಖ್ಯೆ ಅಲ್ಲಿಗೇ ನಿಂತಿತು. ಎಎಂವಿ ಲೋಕಕ್ಕೆ ಇದು ಹೊಸದಲ್ಲ. 2005ರ ನವೆಂಬರಿನಲ್ಲಿ ಅಮೆರಿಕದ ಸಂಗೀತ ಕಂಪನಿ ವಿಂಡ್-ಅಪ್ ರೆಕಾರ್ಡ್ಸ್ ತನ್ನ ತಂಡಗಳ ಹಾಡು ಬಳಸಿದ್ದನ್ನೆಲ್ಲ ತೆಗೆಯಿರಿ ಎಂದು, 2000ದಿಂದ ನಡೆಯುತ್ತಿದ್ದ ಎಎಂವಿಗಳ ಮುಖ್ಯ ಭಂಡಾರವಾದ ಜಾಲತಾಣಕ್ಕೆ ಹೇಳಿತು. ಇವಾನೆಸೆನ್ಸ್, ಕ್ರೀಡ್ ತಂಡಗಳ ಹಾಡಿನ ವಿಡಿಯೋಗಳು ಅಲ್ಲಿಂದ ಹೋದವು. ಆ ಕಾಲದ ಎಡಿಟರ್‌ಗಳಿಗೆ ಅವು ಬಹಳ ಮೆಚ್ಚಿನ ತಂಡಗಳು. ನಮ್ಮ ದೇಶದಲ್ಲೂ ನೆಲ ಗಟ್ಟಿಯಿಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆ, ವಿಮರ್ಶೆ, ಸುದ್ದಿ ವರದಿ ಇಂಥವಕ್ಕೆ ವಿನಾಯಿತಿ ಕೊಡುತ್ತದೆ. ಅಭಿಮಾನಿಗಳ ರೀಮಿಕ್ಸ್‌ಗೆ ಎಂದು ಬೇರೆ ವಿನಾಯಿತಿ ಅದರಲ್ಲಿಲ್ಲ. ಈ ಹವ್ಯಾಸದಲ್ಲಿ ದುಡ್ಡು ಮಾಡುವ ಆಸೆ ಇಟ್ಟುಕೊಳ್ಳಬಾರದು. ಮಾಡಿದ್ದು ಉಳಿಯುತ್ತದೆ ಎಂಬ ಭರವಸೆಯೂ ಬೇಡ.

ಆರು ತಿಂಗಳ ಹಿಂದೆ ಇದು ಆಗಿದ್ದರೆ ಆಕೆ ಕುಸಿಯುತ್ತಿದ್ದಳೇನೋ. ಈಗ "ಹೋಗ್ಲಿ ಬಿಡಿ ಸರ್" ಎಂದಳು. ಅಷ್ಟು ಸುಲಭವಾಗಿ ಬಿಟ್ಟಳೆಂದು ನಾನು ನಂಬಿಲ್ಲ. ಆದರೆ ಬದಲಿಗೆ ಇನ್ನೊಂದು ಹೊಡೆದಾಟದ ವಿಡಿಯೋ ಮಾಡಲು ಹೋಗಲಿಲ್ಲ ಎಂಬುದು ನಿಜ.

ಏನಾಯಿತು

ಮುಂದಿನ ವಿಡಿಯೋ ಒಂದೇ ಸರಣಿಯದ್ದು. 12 ಎಪಿಸೋಡ್, ಹೊಡೆದಾಟ ಒಂದೂ ಇಲ್ಲ, ಶಾಲೆಯ ಮಕ್ಕಳ ಕಥೆ. ಮಾತಿನ ದೃಶ್ಯಗಳೇ ತುಂಬಿದ್ದವು. ಹಿಂದಿನ ವೀಣಾ ಅದನ್ನು ಮುಟ್ಟುತ್ತಿರಲಿಲ್ಲ. ಈಗ ಅಲ್ಲೇ ಒಂದು ದಾರಿ ಕಂಡಳು. ಟಿವಿ ಅನಿಮೆಯಲ್ಲಿ ಬಾಯಿಗೆ ಸಾಮಾನ್ಯವಾಗಿ ಮೂರೇ ಆಕಾರ: ಮುಚ್ಚಿದ್ದು, ಅರ್ಧ ತೆರೆದದ್ದು, ತೆರೆದದ್ದು. ಆ ಫ್ರೇಮ್‌ಗಳನ್ನು ಹಿಂದೆ ಮುಂದೆ ಜೋಡಿಸಿದರೆ ಪಾತ್ರ ಹಾಡಿನ ಸಾಲನ್ನೇ ಹೇಳುವಂತೆ ಮಾಡಬಹುದು. ಹಳೆ ಎಡಿಟರ್‌ಗಳಿಗೆ ಗೊತ್ತಿರುವ ವಿದ್ಯೆ, ತಾಳ್ಮೆ ಬೇಡುವ ವಿದ್ಯೆ. ಎರಡೇ ಎರಡು ಸಾಲಿಗೆ ಹಾಗೆ ಮಾಡಿದಳು. ಯಾವ ಪಾತ್ರದ ಬಾಯಲ್ಲಿ ಯಾವ ಸಾಲು ಬರಬೇಕು ಎಂಬುದನ್ನು ಪವನ್ ಜೊತೆ ಜಗಳವಾಡಿ ಗೊತ್ತುಮಾಡಿದರು. ಆತ ಸರಣಿಯನ್ನು ಅಕ್ಕನಿಗಿಂತ ಚೆನ್ನಾಗಿ ನೆನಪಿಟ್ಟಿದ್ದ. ನೋಡುವವನ ಜ್ಞಾನ ಎಂದರೆ ಇದು. ಟೈಮ್‌ಕೋಡ್ ಒಂದೂ ಗೊತ್ತಿಲ್ಲ, "ಅವ್ಳು ಹಾಗೆ ಮಾತಾಡಲ್ಲ ಕಣೇ" ಎಂಬುದು ಗೊತ್ತು.

ಆ ವಿಡಿಯೋ ಹಳೆಯದರ ಒಂದು ಚೂರಷ್ಟೂ ಓಡಲಿಲ್ಲ. ಹೊರದೇಶದ ಒಂದು ಸ್ಪರ್ಧೆಗೆ ಕಳಿಸಿದಳು, ಆಯ್ಕೆಯಾಗಲಿಲ್ಲ. ನಮ್ಮ ಗುಂಪಿನಲ್ಲಿ ಅದರ ಬಗ್ಗೆ ಎರಡು ಅಭಿಪ್ರಾಯ ಇವೆ. ಮಧ್ಯದ ನಲವತ್ತು ಸೆಕೆಂಡ್ ತೀರಾ ನಿಧಾನ ಎಂದು ನಾನೂ ಹೇಳುತ್ತೇನೆ. ಆದರೆ ಆಕೆಯ ಕೆಲಸದಲ್ಲಿ ಅದೇ ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ.

ನೋಡುವ ಕಡೆಯೂ ಎಲ್ಲ ಮೊದಲಿನಂತಾಯಿತು ಎನ್ನಲಾಗದು. ಆಕೆಯ ಕಣ್ಣು ಕಲಿತದ್ದನ್ನು ಮರೆಯುವುದಿಲ್ಲ. ಈಗಲೂ ಒಂದೇ ಚಿತ್ರವನ್ನು ಪಕ್ಕಕ್ಕೆ ಎಳೆದು ಸಮಯ ತುಂಬಿಸಿದ್ದಾರೆ ಎಂದು ಕಂಡರೆ ಹೇಳಿಬಿಡುತ್ತಾಳೆ. ಪವನ್ "ಶ್!" ಎನ್ನುತ್ತಾನೆ. ಅಮ್ಮ ಇದನ್ನು ಅವರದ್ದೇ ರೀತಿಯಲ್ಲಿ ಹೇಳಿದರು: "ಒಗ್ಗರಣೆ ಹಾಕಿದೋಳಿಗೆ ಅರ್ಧ ಹಸಿವು ಅಲ್ಲೇ ಹೋಗಿರುತ್ತೆ. ಬೇರೆಯವ್ರು ಬಡಿಸಿದ್ರೆ ಮಾತ್ರ ಊಟ." ರಿಮೋಟ್ ತಮ್ಮನ ಕೈಗೆ ಹೋದದ್ದರ ಅರ್ಥ ಅದೇ ಇರಬೇಕು.

ಇದೇ ತೊಡಕು ಇರುವವರಿಗೆ

ನಿಮಗೂ ಅನಿಮೆ ಸಪ್ಪೆಯಾಗಿದ್ದರೆ, ಮೊದಲು ಏನು ಕಳೆದುಹೋಯಿತು ಎಂದು ನೋಡಿಕೊಳ್ಳಿ. ವೀಣಾ ಕಳೆದುಕೊಂಡದ್ದು ಅನಿಮೆಯನ್ನಲ್ಲ, ಅದರ ನೆಪದಲ್ಲಿ ತಮ್ಮನ ಜೊತೆ ನಡೆಯುತ್ತಿದ್ದ ಜಗಳವನ್ನು. ಒಬ್ಬರೇ ನೋಡುವವರ ಪ್ರಕರಣ ಬೇರೆ ಇರಬಹುದು, ಅವರಿಗೆ ಈ ರಿಮೋಟ್ ಉಪಾಯ ಉಪಯೋಗಕ್ಕೆ ಬಾರದು. ಅಂಥವರಿಗೆ ನಾನು ಹೇಳುವುದು ಶಬ್ದದ ಮಾತು: ಮೊದಲ ಸಲ ನೋಡುವುದನ್ನು ಯಾವ ಕಾರಣಕ್ಕೂ ಮ್ಯೂಟ್‌ನಲ್ಲಿ ನೋಡಬೇಡಿ. ಕ್ಲಿಪ್ ಬೇಕಿದ್ದರೆ ಎರಡನೇ ಸಲ ಬನ್ನಿ. ಇಷ್ಟಕ್ಕೇ ಅರ್ಧ ತೊಂದರೆ ಇಳಿದವರನ್ನು ನೋಡಿದ್ದೇನೆ.

ಎಡಿಟಿಂಗ್ ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ಅಷ್ಟು ಬೇಗ ಕೇಳಬೇಡಿ. ನೋಡುವುದನ್ನು ಬಿಟ್ಟು ಬರೀ ಎಡಿಟ್ ಮಾಡಿಕೊಂಡಿರುವವರೂ ನನಗೆ ಗೊತ್ತು. ಕೈ ಬಹಳ ಚೆನ್ನಾಗಿದೆ, ಅವರ ಎಲ್ಲ ವಿಡಿಯೋಗಳೂ ಒಂದೇ ವಿಡಿಯೋದ ಹಾಗೆ ಕಾಣುತ್ತವೆ. ಕೆಲವರಿಗೆ ಅದೇ ಸಾಕು, ಅವರು ಸುಖವಾಗಿದ್ದಾರೆ. ಅವರನ್ನು ತಿದ್ದಲು ಹೋಗುವುದು ನನ್ನ ಕೆಲಸವಲ್ಲ.

ಪವನ್ ಈಗ ಬೇರೆ ಊರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ರಾತ್ರಿ ಇಬ್ಬರೂ ಫೋನ್ ಕಾಲ್‌ನಲ್ಲಿ ಒಂದೇ ಸಲ ಪ್ಲೇ ಒತ್ತಿ ನೋಡುತ್ತಾರೆ. ಒಬ್ಬರ ನೆಟ್ ನಿಂತರೆ ಇನ್ನೊಬ್ಬರು ಕಾಯಬೇಕು. ಗೋಬಿಯ ಬಾಕಿ ಎಷ್ಟಾಗಿದೆ ಎಂದು ಆಕೆ ಎಕ್ಸೆಲ್‌ನಲ್ಲಿ ಇಟ್ಟಿದ್ದಾಳೆ.

ವೀಣಾ ಈಗ ನಮ್ಮ ಗುಂಪಿನಲ್ಲಿ ಹೊಸಬರಿಗೆ ಸಲಹೆ ಕೊಡುವವರಲ್ಲಿ ಒಬ್ಬಳು. ಒಂದು ವಿಷಯದಲ್ಲಿ ಮಾತ್ರ ನಮಗಿಬ್ಬರಿಗೂ ಹೊಂದುವುದಿಲ್ಲ. ಬಹಳ ಇಷ್ಟಪಟ್ಟು ನೋಡಿದ ಸರಣಿಯಿಂದಲೇ ಮೊದಲ ವಿಡಿಯೋ ಮಾಡಿ ಎಂಬುದು ಆಕೆಯ ವಾದ. ಮೊದಲ ಮೂರು ವಿಡಿಯೋ ಹೇಗೂ ಕೆಟ್ಟದಾಗಿ ಬರುತ್ತವೆ, ಇಷ್ಟದ ಸರಣಿಯನ್ನು ಅದಕ್ಕೆ ಯಾಕೆ ಸುಡಬೇಕು ಎಂಬುದು ನನ್ನದು. ಕೆಟ್ಟದಾದರೂ ಇಷ್ಟದ್ದೇ ಕೆಡಲಿ ಎನ್ನುತ್ತಾಳೆ. ಈಚೆಗೆ ಸೇರಿದ ಒಬ್ಬ ಹುಡುಗನಿಗೆ ನಾವಿಬ್ಬರೂ ನಮ್ಮ ನಮ್ಮ ಸಲಹೆ ಉದ್ದುದ್ದಕ್ಕೆ ಬರೆದು ಕಳಿಸಿದೆವು. ಅವನು ಎರಡನ್ನೂ ಓದಿ, ತನ್ನ ಊರಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟನ್ನು ಎಡಿಟ್ ಮಾಡಿ ಕಳಿಸಿದ್ದಾನೆ.